ಇಂಚಿಂಗ್ ಪೆಡಲ್ ಸರಿಮಾಡುವ ಕ್ರಮ: ಪೀಣ್ಯ ಆವೃತ್ತಿ

ಈ ಕೈಪಿಡಿ ಮೂರು ಟನ್ನಿನ ಡೀಸೆಲ್ ಫೋರ್ಕ್‌ಲಿಫ್ಟ್‌ಗೆ ಸಂಬಂಧಿಸಿದ್ದು. ಟಾರ್ಕ್ ಕನ್ವರ್ಟರ್ ಇರುವ, ಮೂರು ಪೆಡಲಿನ ಗಾಡಿ: ಬಲಕ್ಕೆ ಆಕ್ಸಿಲರೇಟರ್, ನಡುವೆ ಬ್ರೇಕ್, ಎಡಕ್ಕೆ ಇಂಚಿಂಗ್. ಬ್ಯಾಟರಿ ಗಾಡಿಯವರು ಇಲ್ಲಿಗೇ ಓದು ನಿಲ್ಲಿಸಬಹುದು. ನಿಮ್ಮಲ್ಲಿ ಚಕ್ರ ತಿರುಗಿಸಲು ಒಂದು ಮೋಟಾರು, ಹೈಡ್ರಾಲಿಕ್ ಪಂಪಿಗೆ ಇನ್ನೊಂದು. ಎಡಗಾಲಿನ ಈ ತಾಪತ್ರಯವೇ ಇಲ್ಲ. ಕಂಪನಿಯವರು ಕೊಟ್ಟ ಮೂಲ ಕೈಪಿಡಿ ಇರಬೇಕಲ್ಲ ಎಂದು ಕೇಳುವವರಿಗೆ ಉತ್ತರ: ಇದೆ. ಮೆಂಟೆನೆನ್ಸ್ ಮ್ಯಾನೇಜರರ ಬೀರುವಿನಲ್ಲಿದೆ. ಬೀರುವಿನ ಕೀಲಿ ಮ್ಯಾನೇಜರರ ಬಳಿ ಇದೆ. ಮ್ಯಾನೇಜರರು ಮೀಟಿಂಗಿನಲ್ಲಿದ್ದಾರೆ.

ಅಗತ್ಯ ಸಾಮಗ್ರಿ: ಸ್ಪ್ಯಾನರ್ ಎರಡು (ಒಂದರಿಂದ ರಾಡ್ ಹಿಡಿಯಲು, ಇನ್ನೊಂದರಿಂದ ಲಾಕ್‌ನಟ್ ಬಿಡಿಸಲು), ಉಕ್ಕಿನ ಸ್ಕೇಲು, ಟಾರ್ಚು, ಬನಿಯನ್ ವೇಸ್ಟು, ಚಕ್ರಕ್ಕೆ ಅಡ್ಡ ಕೊಡಲು ಮರದ ದಿಮ್ಮಿ ನಾಲ್ಕು. ಟಾರ್ಚು ಬೇಡ, ಮೊಬೈಲಿನ ಲೈಟು ಸಾಕು ಎನ್ನುವವರು ಮೊಬೈಲನ್ನು ಫ್ಲೋರ್ ಪ್ಲೇಟಿನ ಕೆಳಗೆ ಬೀಳಿಸಿಕೊಂಡ ಮೇಲೆ ಏನು ಮಾಡಬೇಕೆಂಬುದು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಈ ಪೆಡಲ್ ಯಾಕಿದೆ

ಡೀಸೆಲ್ ಫೋರ್ಕ್‌ಲಿಫ್ಟಿನಲ್ಲಿ ಒಂದೇ ಇಂಜಿನ್ನು ಎರಡು ಮನೆ ಸಾಕುತ್ತದೆ. ಚಕ್ರ ಓಡಿಸುವುದೂ ಅದೇ, ಫೋರ್ಕ್ ಎತ್ತುವ ಪಂಪ್ ತಿರುಗಿಸುವುದೂ ಅದೇ. ಪ್ಯಾಲೆಟ್ಟನ್ನು ಬೇಗ ಮೇಲೆತ್ತಬೇಕಾದರೆ ಇಂಜಿನ್ನಿಗೆ ರೇಸ್ ಕೊಡಬೇಕು. ರೇಸ್ ಕೊಟ್ಟರೆ ಗಾಡಿ ರ್‍ಯಾಕಿನ ಮೇಲೆ ನುಗ್ಗುತ್ತದೆ. ಹಾಗಾಗಿ ಇಂಜಿನ್ ಜೋರಾಗಿ ತಿರುಗುತ್ತಿರಬೇಕು, ಗಾಡಿ ಮಾತ್ರ ಇಂಚಿಂಚಾಗಿ ಸರಿಯಬೇಕು. ಎಡ ಪೆಡಲಿನ ಕೆಲಸ ಇಷ್ಟೇ. ಅದನ್ನು ಅರ್ಧ ಒತ್ತಿದರೆ ಗೇರ್‌ಬಾಕ್ಸಿನ ವಾಲ್ವಿನಲ್ಲಿ ಸಣ್ಣದೊಂದು ಸ್ಪೂಲ್ ಸರಿದು, ಕ್ಲಚ್ ಪ್ಲೇಟುಗಳನ್ನು ಅದುಮಿ ಹಿಡಿದಿರುವ ಎಣ್ಣೆಯ ಒತ್ತಡವನ್ನು ಬಿಟ್ಟುಕೊಡುತ್ತದೆ. ಪ್ಲೇಟುಗಳು ಜಾರುತ್ತವೆ, ಚಕ್ರಕ್ಕೆ ಹೋಗುವ ಬಲ ಇಳಿಯುತ್ತದೆ. ಇನ್ನೂ ಒತ್ತಿದರೆ ಆ ಪೆಡಲಿನ ಕೊಂಡಿ ಪಕ್ಕದ ಬ್ರೇಕ್ ಪೆಡಲನ್ನೂ ಜೊತೆಗೆ ಎಳೆದುಕೊಂಡು ಗಾಡಿಯನ್ನು ನಿಲ್ಲಿಸುತ್ತದೆ. ಮೊದಲು ಬಲ ಬಿಡಬೇಕು, ಆಮೇಲೆ ಬ್ರೇಕ್ ಹಿಡಿಯಬೇಕು. ಎರಡರ ನಡುವೆ ಎಷ್ಟು ಅಂತರ ಎನ್ನುವುದೇ ನಾವು ಸರಿಮಾಡಲು ಹೊರಟಿರುವ ಸಂಗತಿ.

ಆದರೆ ನಮ್ಮ ಆಪರೇಟರುಗಳಲ್ಲಿ ಬಹಳ ಮಂದಿ ಲಾರಿಯಿಂದ ಬಂದವರು. ಎಡಗಾಲಿನ ಕೆಳಗೆ ಏನು ಕಂಡರೂ ಅದು ಅವರಿಗೆ ಕ್ಲಚ್ಚೇ. ಲಾರಿಯಲ್ಲಿ ಹಾಫ್ ಕ್ಲಚ್‌ನಲ್ಲಿ ಘಾಟಿ ಹತ್ತಿಸಿದ ಕಾಲು ಇಲ್ಲಿಯೂ ಪೆಡಲ್ ಮೇಲೆ ವಿಶ್ರಮಿಸುತ್ತದೆ. ಪೂರ್ತಿ ಒತ್ತುವುದಿಲ್ಲ, ಪೂರ್ತಿ ಬಿಡುವುದೂ ಇಲ್ಲ. ಇಡೀ ಶಿಫ್ಟು ಪ್ಲೇಟು ಅರ್ಧ ಜಾರುತ್ತ, ಉಜ್ಜುತ್ತ, ಎಣ್ಣೆ ಕಾಯುತ್ತ ಹೋಗುತ್ತದೆ. ಕೊನೆಗೆ ಎಣ್ಣೆ ತೆಗೆದು ನೋಡಿದರೆ ಕಪ್ಪಾಗಿರುತ್ತದೆ, ಸುಟ್ಟ ವಾಸನೆ ಬರುತ್ತದೆ. ಆಗ ಬರುವ ದೂರಿನಲ್ಲಿ ಕಾಲಿನ ಪ್ರಸ್ತಾಪ ಇರುವುದಿಲ್ಲ. “ಗೇರ್‌ಬಾಕ್ಸ್ ವೀಕ್ ಆಗಿದೆ ಸಾರ್” ಎಂದಿರುತ್ತದೆ.

ಹಂತ 1: ದೂರು ಸ್ವೀಕರಿಸುವುದು

ದೂರು ಸಾಮಾನ್ಯವಾಗಿ ಔಷಧಿಯ ಸಮೇತ ಬರುತ್ತದೆ. “ಅಣ್ಣಾ, ಬ್ರೇಕ್ ಹಿಡೀತಿಲ್ಲ, ಸ್ವಲ್ಪ ಟೈಟ್ ಮಾಡಿಕೊಡಿ.” ಹಿಂದೆಯೇ ಸೂಪರ್‌ವೈಸರ್ ಬರುತ್ತಾರೆ: “ಐದು ನಿಮಿಷದ ಕೆಲಸ, ಹೊರಗೆ ಕಂಟೇನರ್ ನಿಂತಿದೆ.” ಇಬ್ಬರ ಮಾತನ್ನೂ ಗೌರವದಿಂದ ಕೇಳಿಸಿಕೊಳ್ಳಿ. ಸ್ಪ್ಯಾನರ್ ಮಾತ್ರ ಇನ್ನೂ ಕೈಗೆ ತೆಗೆದುಕೊಳ್ಳಬೇಡಿ.

ಪುಶ್‌ರಾಡ್ ತಿರುಗಿಸಲು ಕಾಸು ಖರ್ಚಿಲ್ಲ, ಇಂಡೆಂಟ್ ಬೇಡ, ಸ್ಟೋರ್ಸಿನವರ ಸಹಿ ಬೇಡ. ಹೊಸ ಲೈನರ್ ಬೇಕೆಂದರೆ ಪರ್ಚೇಸ್ ಆರ್ಡರ್ ಆಗಬೇಕು. ಮಾಸ್ಟರ್ ಸಿಲಿಂಡರಿನ ಕಿಟ್ ಬೇಕೆಂದರೆ ಮೂರು ಕೊಟೇಶನ್ ತರಿಸಬೇಕು. ಆದ್ದರಿಂದ ಲೈನರ್ ಸವೆದಾಗಲೂ ರಾಡ್ ತಿರುಗುತ್ತದೆ, ಕಿಟ್ ಹೋದಾಗಲೂ ರಾಡ್ ತಿರುಗುತ್ತದೆ, ಲೈನಿನಲ್ಲಿ ಏರ್ ಸೇರಿದಾಗಲೂ ರಾಡ್ ತಿರುಗುತ್ತದೆ. ಹಳೆಯ ಗಾಡಿಯ ಪುಶ್‌ರಾಡಿನ ಥ್ರೆಡ್ಡನ್ನು ಟಾರ್ಚು ಹಿಡಿದು ನೋಡಿ: ಆ ಕಾರ್ಖಾನೆ ಕೊಳ್ಳದೆ ಉಳಿಸಿದ ಬಿಡಿಭಾಗಗಳ ಲೆಕ್ಕವೆಲ್ಲ ಅಲ್ಲಿ ಸಿಗುತ್ತದೆ.

ಕೇಳಬೇಕಾದ ಪ್ರಶ್ನೆಗಳು ಇವು. ಪೆಡಲ್ ಮೆತ್ತಗಿದೆಯೋ, ಗಟ್ಟಿಯಾಗಿದ್ದು ನಿಧಾನವಾಗಿ ಕೆಳಗಿಳಿಯುತ್ತದೋ? ತೊಂದರೆ ಬೆಳಿಗ್ಗೆಯೋ, ಮಧ್ಯಾಹ್ನದ ಮೇಲೋ? ಲೋಡ್ ಇದ್ದಾಗಲೋ, ಖಾಲಿಯಿದ್ದಾಗಲೋ? ಇದಕ್ಕೆ ಮುಂಚೆ ಯಾರು, ಏನನ್ನು ತಿರುಗಿಸಿದ್ದರು? ಕೊನೆಯ ಪ್ರಶ್ನೆಗೆ ಯಾರೂ ಉತ್ತರ ಕೊಡುವುದಿಲ್ಲ, ಆದರೂ ಕೇಳಿ.

“ಪೆಡಲ್ ಇಡ್ಲಿ ಥರ ಮೆತ್ತಗಿದೆ” ಎಂದರೆ ಲೈನಿನಲ್ಲಿ ಏರ್ ಇದೆ. ಏರ್ ತೆಗೆಯಬೇಕು, ರಾಡಿಗೂ ಇದಕ್ಕೂ ಸಂಬಂಧವಿಲ್ಲ. ಒತ್ತಿ ಹಿಡಿದರೆ ಪೆಡಲ್ ಮೆಲ್ಲಗೆ ಮುಳುಗುತ್ತದೆ, ಹೊರಗೆಲ್ಲೂ ಎಣ್ಣೆ ಸೋರಿಲ್ಲ ಎಂದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಕಪ್ಪು ಹೋಗಿದೆ. ಒಂದು ಸಲ ಒತ್ತಿದರೆ ತಳಕ್ಕೆ ಹೋಗಿ, ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಎದ್ದು ನಿಲ್ಲುತ್ತದೆ ಎಂದರೆ ಡ್ರಮ್ಮಿಗೂ ಬ್ರೇಕ್ ಶೂಗೂ ನಡುವಿನ ಜಾಗ ಹೆಚ್ಚಾಗಿರುವ ಸಾಧ್ಯತೆ ಹೆಚ್ಚು. ಅನೇಕ ಮಾಡೆಲ್‌ಗಳಲ್ಲಿ ಶೂ ತಾನಾಗಿಯೇ ಅಡ್ಜಸ್ಟ್ ಆಗುತ್ತದೆ, ಆದರೆ ರಿವರ್ಸ್ ಹೋಗುತ್ತ ಬ್ರೇಕ್ ಒತ್ತಿದಾಗ ಮಾತ್ರ. ಖಾಲಿ ಅಂಗಳದಲ್ಲಿ ಹಿಂದಕ್ಕೆ ಹೋಗಿ ಬ್ರೇಕ್, ಮತ್ತೆ ಹಿಂದಕ್ಕೆ ಹೋಗಿ ಬ್ರೇಕ್, ಹೀಗೆ ಕೆಲವು ಸಲ ಮಾಡಿದರೆ ಎಷ್ಟೋ ಗಾಡಿ ಸ್ಪ್ಯಾನರ್ ಮುಟ್ಟದೆ ಸರಿಹೋಗುತ್ತದೆ. ಇದನ್ನು ಸೂಪರ್‌ವೈಸರ್ ಎದುರು ಮಾಡಬೇಡಿ. ಸುಮ್ಮನೆ ಗಾಡಿ ಓಡಿಸಿ ಆಟ ಆಡುತ್ತಿದ್ದೀರಿ ಎಂದು ಭಾವಿಸುತ್ತಾರೆ.

ಹಂತ 2: ಗಾಡಿ ನಿಲ್ಲಿಸುವುದು

ಸಮತಟ್ಟಾದ ನೆಲ, ಲೋಡ್ ಇಲ್ಲದ ಗಾಡಿ. ಫೋರ್ಕನ್ನು ಪೂರ್ತಿ ಇಳಿಸಿ, ಅದರ ತುದಿ ನೆಲಕ್ಕೆ ತಾಗುವಷ್ಟು ಮಾಸ್ಟನ್ನು ಮುಂದಕ್ಕೆ ಬಾಗಿಸಿ. ಲಿವರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಇಂಜಿನ್ ಬಂದ್, ಕೀಲಿ ನಿಮ್ಮ ಜೇಬಿಗೆ. ಕೀಲಿಯ ವಿಷಯದಲ್ಲಿ ಮಾತ್ರ ಈ ಕೈಪಿಡಿ ತಮಾಷೆ ಮಾಡುವುದಿಲ್ಲ. ನೀವು ತಲೆಯನ್ನು ಪೆಡಲಿನ ಬಳಿ ಇಟ್ಟುಕೊಂಡಿರುವಾಗ “ಒಂದೇ ಒಂದು ಪ್ಯಾಲೆಟ್ ಸರಿಸಿ ಕೊಡ್ತೀನಿ” ಎಂದು ಹತ್ತಿ ಕುಳಿತುಕೊಳ್ಳುವವರು ಇರುತ್ತಾರೆ. ಖಾಲಿ ಗಾಡಿಯ ತೂಕವೇ ನಾಲ್ಕು ಟನ್ನಿಗೂ ಮಿಗಿಲು.

ಚಕ್ರದ ಹಿಂದೆ ಮುಂದೆ ದಿಮ್ಮಿ ಕೊಡಿ. ಸಮತಟ್ಟಾದ ನೆಲ ಪೀಣ್ಯದಲ್ಲಿ ಎಲ್ಲಿದೆ ಎಂದು ಕೇಳಬೇಡಿ. ಶೆಡ್ಡಿನ ಒಳಗೆ ಇದೆ, ಅಲ್ಲಿ ಮಾಲು ಪೇರಿಸಿದ್ದಾರೆ. ದಿಮ್ಮಿ ಕೊಡಿ ಎಂದು ಹೇಳಿದ್ದು ಅದಕ್ಕೇ.

ಹಂತ 3: ಮ್ಯಾಟ್ ತೆಗೆಯುವುದು

ಮ್ಯಾಟು ತೆಗೆದು, ಫ್ಲೋರ್ ಪ್ಲೇಟಿನ ಬೋಲ್ಟು ಬಿಚ್ಚಿ. ಕೆಳಗೆ ಸಿಗುವ ವಸ್ತುಗಳ ಪಟ್ಟಿ ಮೂಲ ಕೈಪಿಡಿಯಲ್ಲಿ ಇರುವುದಿಲ್ಲ: ಪ್ಯಾಲೆಟ್ಟಿನಿಂದ ಮುರಿದ ಮರದ ಚೂರು, ಸ್ಟ್ರ್ಯಾಪಿಂಗ್ ಪಟ್ಟಿ, ಮೊಳೆ, ಗುಟ್ಕಾ ಪ್ಯಾಕೆಟ್ಟಿನ ಚೀಟಿ, ಕಳೆದ ಸಲ ರಿಪೇರಿ ಮಾಡಿದವರು ಬಿಟ್ಟುಹೋದ ವಾಷರು, ಮತ್ತು ಇದೆಲ್ಲವನ್ನೂ ಅಂಟಿಸಿ ಹಿಡಿದಿರುವ ಎಣ್ಣೆ ಕಲಸಿದ ಸಿಮೆಂಟು ಧೂಳು. ಪೆಡಲ್ ಪೂರ್ತಿ ಮೇಲೆ ಬರುತ್ತಿಲ್ಲ, ಅಥವಾ ಪೂರ್ತಿ ಕೆಳಗೆ ಹೋಗುತ್ತಿಲ್ಲ ಎಂಬ ದೂರಿನ ಮೂಲ ಬಹುತೇಕ ಇಲ್ಲೇ. ಎಲ್ಲವನ್ನೂ ಕೆರೆದು ತೆಗೆಯಿರಿ. ಪೆಡಲಿನ ಪಿವಟ್ ಪಿನ್ನಿಗೆ ಗ್ರೀಸ್ ಹಾಕಿ. ರಿಟರ್ನ್ ಸ್ಪ್ರಿಂಗ್ ಇದೆಯೇ ನೋಡಿ. ಸ್ಪ್ರಿಂಗಿನ ಜಾಗದಲ್ಲಿ ಟ್ಯೂಬಿನ ರಬ್ಬರ್ ಕಟ್ಟಿದ್ದರೆ ಅದನ್ನು ಬಿಚ್ಚಿ, ಕಟ್ಟಿದವರ ಜಾಣತನವನ್ನು ಒಂದು ಕ್ಷಣ ಮೆಚ್ಚಿ, ಸ್ಪ್ರಿಂಗ್ ಹಾಕಿ.

ಈಗ ಬ್ರೇಕ್ ಆಯಿಲ್ ಡಬ್ಬಿಯತ್ತ ನೋಡಿ. ಮಟ್ಟ ಇಳಿದಿದ್ದರೆ ಸುರಿಯುವ ಮುಂಚೆ ಮುಚ್ಚಳದ ಮೇಲೆ ಬರೆದಿರುವುದನ್ನು ಓದಿ. ಹೆಚ್ಚಿನ ಗಾಡಿಗಳಿಗೆ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್. ಕೆಲವು ಗಾಡಿಗಳಿಗೆ ಮಿನರಲ್ ಆಯಿಲ್. ಒಂದಕ್ಕೆ ಇನ್ನೊಂದು ಬಿದ್ದರೆ ಒಳಗಿನ ರಬ್ಬರ್ ಕೆಟ್ಟು ಊದಿಕೊಳ್ಳುತ್ತದೆ, ಇಡೀ ಲೈನು ಬಿಚ್ಚಬೇಕಾಗುತ್ತದೆ. “ಎರಡೂ ಆಯಿಲ್ಲೇ ಅಲ್ವಾ” ಎಂಬುದು ಸ್ಟೋರ್ಸಿನ ಅಭಿಪ್ರಾಯ. ಇನ್ನೊಂದು: ಡಾಟ್ 3 ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೊಸದರ ಕುದಿಯುವ ಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ತೇವ ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಮುಚ್ಚಳ ಕಳೆದುಹೋಗಿ ಬಾಯಿಗೆ ಬಟ್ಟೆ ತುರುಕಿದ ಹಳೆಯ ಬಾಟಲಿಯಿಂದ ಸುರಿಯಬೇಡಿ. ಪಣಂಬೂರಿನ ಬಂದರಿನ ಕಡೆ ಮಳೆಗಾಲದಲ್ಲಿ ಗಾಡಿ ನೋಡಿಕೊಳ್ಳುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಹಂತ 4: ಬ್ರೇಕ್ ಪೆಡಲ್, ಮೊದಲು ಬ್ರೇಕ್ ಪೆಡಲ್

ದೂರು ಇಂಚಿಂಗಿನದೇ ಆಗಿದ್ದರೂ ಮೊದಲು ಮುಟ್ಟಬೇಕಾದದ್ದು ಬ್ರೇಕನ್ನು. ಇಂಚಿಂಗ್ ಪೆಡಲು ಬ್ರೇಕ್ ಪೆಡಲನ್ನು ಎಲ್ಲಿ ಹಿಡಿದುಕೊಳ್ಳುತ್ತದೆ ಎನ್ನುವುದು ಬ್ರೇಕ್ ಪೆಡಲ್ ಎಲ್ಲಿ ನಿಂತಿದೆ ಎನ್ನುವುದರ ಮೇಲೆ ನಿಂತಿದೆ. ಇಂಚಿಂಗನ್ನು ಮೊದಲು ಸರಿಮಾಡಿ ಆಮೇಲೆ ಬ್ರೇಕ್ ತಿರುಗಿಸಿದರೆ ಮೊದಲು ಮಾಡಿದ್ದೆಲ್ಲ ಕೆಟ್ಟಿತು. ಬಹಳ ಗಾಡಿಗಳು ಈ ಎರಡರ ನಡುವೆ ವರ್ಷಗಟ್ಟಲೆ ಸುತ್ತುತ್ತಿರುತ್ತವೆ.

ಎತ್ತರ ಮೊದಲು. ಬಿಚ್ಚಿದ ಫ್ಲೋರ್ ಪ್ಲೇಟನ್ನು ಅದರ ಜಾಗದಲ್ಲಿಟ್ಟು, ಅಲ್ಲಿಂದ ಪೆಡಲ್ ರಬ್ಬರಿನ ಮೇಲ್ಭಾಗಕ್ಕೆ ಸ್ಕೇಲನ್ನು ನೆಟ್ಟಗೆ ಹಿಡಿದು ಅಳೆಯಿರಿ. ಸ್ಟಾಪರ್ ಬೋಲ್ಟಿನಿಂದ ಸರಿಮಾಡಿ. ಎಷ್ಟು ಮಿಲಿಮೀಟರ್? ಮಾಡೆಲ್ಲಿಗೊಂದು ಲೆಕ್ಕ. ಮಾಡೆಲ್ ಯಾವುದು? ಗಾಡಿಗೆ ರಿವೆಟ್ ಹೊಡೆದ ತಗಡಿನ ಮೇಲೆ ಬರೆದಿದೆ. ತಗಡಿನ ಮೇಲೆ ಕಳೆದ ಆಯುಧಪೂಜೆಯ ಗಂಧ ಕುಂಕುಮ, ಅದರ ಕೆಳಗೆ ಅದಕ್ಕೂ ಹಿಂದಿನ ವರ್ಷದ್ದು, ಅದರ ಕೆಳಗೆ ಪೂಜೆಗೆಂದು ಹೊಡೆಸಿದ ಹಳದಿ ಪೇಂಟು. ಸ್ವಲ್ಪ ಥಿನ್ನರ್ ಹಾಕಿ ಭಕ್ತಿಯಿಂದ ಒರೆಸಿ. ಪಕ್ಕದ ಗಾಡಿಯ ಅಳತೆ ನೋಡಿ ಇದಕ್ಕೂ ಇಡುವ ಪದ್ಧತಿ ಇದೆ. ಪಕ್ಕದ ಗಾಡಿಗೆ ಅಳತೆ ಇಟ್ಟವರು ಈ ಗಾಡಿಯನ್ನು ನೋಡಿ ಇಟ್ಟಿರುತ್ತಾರೆ.

ಇನ್ನು ಪ್ಲೇ. ಪೆಡಲನ್ನು ಕಾಲಿನಿಂದಲ್ಲ, ಕೈಬೆರಳಿನಿಂದ ಒತ್ತಿ. ಕಾಲಿಗೆ ಅಷ್ಟು ಸೂಕ್ಷ್ಮ ತಿಳಿಯುವುದಿಲ್ಲ, ಅದರಲ್ಲೂ ಸೇಫ್ಟಿ ಶೂ ಹಾಕಿದ ಕಾಲಿಗೆ. ಶುರುವಿನಲ್ಲಿ ಕೆಲವು ಮಿಲಿಮೀಟರ್ ಪೆಡಲ್ ಸುಮ್ಮನೆ ಸಡಿಲವಾಗಿ ಹೋಗಬೇಕು. ಆಮೇಲೆ ಪುಶ್‌ರಾಡು ಪಿಸ್ಟನ್ನಿಗೆ ತಾಗಿದ್ದು ಬೆರಳಿಗೆ ಗೊತ್ತಾಗಬೇಕು. ಲಾಕ್‌ನಟ್ ಸಡಿಲಿಸಿ ರಾಡ್ ಉದ್ದ ಮಾಡಿದರೆ ಪ್ಲೇ ಕಡಿಮೆ, ಗಿಡ್ಡ ಮಾಡಿದರೆ ಹೆಚ್ಚು.

ಈ ಸಡಿಲವನ್ನು ಕಂಡರೆ ಆಪರೇಟರಿಗೆ ಆಗುವುದಿಲ್ಲ. “ಲೂಸ್ ಇದೆಯಲ್ಲಣ್ಣ, ತೆಗೆದುಬಿಡಿ.” ತೆಗೆದುಬಿಟ್ಟರೆ ಏನಾಗುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಯಾಕೆಂದರೆ ಅದು ಆ ಕ್ಷಣದಲ್ಲಿ ಆಗುವುದಿಲ್ಲ. ಕಾಲು ತೆಗೆದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನು ಪೂರ್ತಿ ಹಿಂದಕ್ಕೆ ಬಂದರೆ ಮಾತ್ರ ಡಬ್ಬಿಗೆ ಹೋಗುವ ಪುಟ್ಟ ತೂತು ತೆರೆದುಕೊಳ್ಳುತ್ತದೆ. ಬಿಸಿಯಾಗಿ ಹಿಗ್ಗಿದ ಎಣ್ಣೆ ಆ ತೂತಿನಿಂದ ವಾಪಸು ಹೋಗುತ್ತದೆ. ಪ್ಲೇ ಸೊನ್ನೆಯಾದರೆ ರಾಡು ಪಿಸ್ಟನ್ನನ್ನು ಒಂದಿಷ್ಟು ಒತ್ತಿಕೊಂಡೇ ಇರುತ್ತದೆ, ತೂತು ಮುಚ್ಚಿರುತ್ತದೆ. ಬೆಳಿಗ್ಗೆ ಗಾಡಿ ಅಮೋಘ. ಪೆಡಲ್ ಮುಟ್ಟಿದರೆ ಬ್ರೇಕ್. ಆಪರೇಟರ್ ನಿಮಗೆ ಟೀ ಕೊಡಿಸುತ್ತಾರೆ. ಹತ್ತು ಗಂಟೆಯ ಹೊತ್ತಿಗೆ ಡ್ರಮ್ಮು ಬಿಸಿ, ಎಣ್ಣೆ ಬಿಸಿ. ಹಿಗ್ಗಿದ ಎಣ್ಣೆಗೆ ಹೋಗಲು ದಾರಿಯಿಲ್ಲ, ಶೂಗಳನ್ನು ತಾನೇ ಹೊರಕ್ಕೆ ತಳ್ಳುತ್ತದೆ. ಯಾರೂ ಪೆಡಲ್ ಒತ್ತದೆ ಬ್ರೇಕ್ ಹಿಡಿಯುತ್ತದೆ, ಅದರಿಂದ ಡ್ರಮ್ಮು ಇನ್ನಷ್ಟು ಬಿಸಿಯಾಗುತ್ತದೆ. ಮಧ್ಯಾಹ್ನಕ್ಕೆ ಗಾಡಿ ಆಕ್ಸಿಲರೇಟರ್ ಒತ್ತಿದರೂ ಮುಂದಕ್ಕೆ ಹೋಗುವುದಿಲ್ಲ. ಊಟಕ್ಕೆ ಹೋಗಿ ಬರುವಷ್ಟರಲ್ಲಿ ತಣ್ಣಗಾಗಿ ಮತ್ತೆ ಓಡುತ್ತದೆ. ಈ ಗಾಡಿಗೆ ದೆವ್ವ ಹಿಡಿದಿದೆ ಎಂಬ ನಿರ್ಣಯಕ್ಕೆ ಬಂದು ಚಕ್ರದಡಿ ನಿಂಬೆಹಣ್ಣು ಇಟ್ಟವರೂ ಉಂಟು, ಗೇರ್‌ಬಾಕ್ಸ್ ಇಳಿಸಿದವರೂ ಉಂಟು. ನಿಂಬೆಹಣ್ಣಿನದು ಕಡಿಮೆ ಖರ್ಚು.

ಬ್ರೇಕ್ ಗಕ್ಕನೆ ಹಿಡಿಯಬೇಕು ಎಂಬ ಆಸೆಯ ಬಗ್ಗೆಯೂ ಒಂದು ಮಾತು. ಈ ಗಾಡಿಗೆ ಬ್ರೇಕ್ ಇರುವುದು ಮುಂದಿನ ಎರಡು ಚಕ್ರಕ್ಕೆ ಮಾತ್ರ, ಹಿಂದಿನವು ತಿರುಗಿಸಲು. ಮೂರು ಟನ್ ಲೋಡ್ ಹೊತ್ತಾಗ ಒಟ್ಟು ಏಳು ಟನ್ನಿಗೂ ಮೀರಿದ ತೂಕದಲ್ಲಿ ಹತ್ತಕ್ಕೆ ಹೆಚ್ಚು ಕಡಿಮೆ ಒಂಬತ್ತು ಪಾಲು ಮುಂದಿನ ಆಕ್ಸಲ್ ಮೇಲೆ ಬಂದು ಕೂರುತ್ತದೆ. ಖಾಲಿಯಿದ್ದಾಗ ಹಿಂದಿನ ಕೌಂಟರ್‌ವೇಟಿನ ಕಡೆಗೇ ಭಾರ ಹೆಚ್ಚು. ಒಂದೇ ಪೆಡಲು, ಒಂದೇ ಅಡ್ಜಸ್ಟ್‌ಮೆಂಟು, ಎರಡು ಬೇರೆ ಬೇರೆ ಗಾಡಿ ಓಡಿಸಿದ ಅನುಭವ. ಲೋಡ್ ಇದ್ದಾಗ ಗಕ್ಕನೆ ನಿಂತರೆ ಗಾಡಿ ನಿಲ್ಲುತ್ತದೆ, ಫೋರ್ಕ್ ಮೇಲಿರುವ ಮಾಲು ನಿಲ್ಲಬೇಕೆಂದೇನಿಲ್ಲ. ಹಿಂದಿನ ಚಕ್ರ ಎದ್ದು ನಿಂತರೆ ಸ್ಟಿಯರಿಂಗೂ ಇಲ್ಲ. ನನ್ನ ಮಟ್ಟಿಗೆ, ಆಪರೇಟರು ಹೊಗಳುವ ಬ್ರೇಕಿಗಿಂತ ಆತ ಗಮನಿಸದೇ ಬಿಡುವ ಬ್ರೇಕು ಒಳ್ಳೆಯದು.

ಹಂತ 5: ಕೊನೆಗೂ ಇಂಚಿಂಗ್

ಇದು ಎರಡು ಕಡೆ ಸರಿಮಾಡುವ ಕೆಲಸ. ವಾಲ್ವಿಗೆ ಹೋಗುವ ರಾಡು ಅಥವಾ ಕೇಬಲ್ಲು ಒಂದು ಕಡೆ. ಬ್ರೇಕ್ ಪೆಡಲಿಗೆ ತಾಗುವ ಬೋಲ್ಟು ಇನ್ನೊಂದು ಕಡೆ.

ರಾಡಿನಲ್ಲೂ ಸ್ವಲ್ಪ ಪ್ಲೇ ಬಿಡಿ. ಕಾಲು ತೆಗೆದಾಗ ಸ್ಪೂಲು ಪೂರ್ತಿ ತನ್ನ ಜಾಗಕ್ಕೆ ಬರಬೇಕು. ಬಾರದಿದ್ದರೆ ಕ್ಲಚ್ಚಿಗೆ ಪೂರ್ತಿ ಒತ್ತಡ ಸಿಗುವುದೇ ಇಲ್ಲ. ಯಾರೂ ಪೆಡಲ್ ಮುಟ್ಟದೆಯೂ ಗಾಡಿ ಹಾಫ್ ಕ್ಲಚ್‌ನಲ್ಲಿ ಓಡುತ್ತಿರುತ್ತದೆ. ಟೆಸ್ಟ್ ಪೋರ್ಟಿಗೆ ಪ್ರೆಷರ್ ಗೇಜ್ ಹಾಕಿ ನೋಡುವುದು ಸರಿಯಾದ ಕ್ರಮ. ಗೇಜ್ ಇನ್ನೊಂದು ಯೂನಿಟ್ಟಿಗೆ ಹೋಗಿದ್ದರೆ, ಅದು ಯಾವಾಗಲೂ ಹೋಗಿರುತ್ತದೆ, ತರಿಸಿಕೊಳ್ಳಿ. ಅಂದಾಜಿನಲ್ಲಿ ಬಿಡಬೇಡಿ.

ಬೋಲ್ಟಿನ ವಿಷಯದಲ್ಲಿ ಎರಡು ಬಗೆಯ ತಪ್ಪು ಸಾಧ್ಯ, ಎರಡೂ ಸಮಾನವಲ್ಲ. ಬ್ರೇಕ್ ಬೇಗ ಹಿಡಿಯುವಂತೆ ಇಟ್ಟರೆ ಕ್ಲಚ್ ಬಿಡುವ ಮೊದಲೇ ಬ್ರೇಕ್ ಬಿತ್ತು. ಇಂಜಿನ್ನು ಮುಂದಕ್ಕೆ ತಳ್ಳುತ್ತದೆ, ಶೂ ಹಿಂದಕ್ಕೆ ಎಳೆಯುತ್ತದೆ, ಲೈನರ್ ಸವೆಯುತ್ತದೆ. ದುಡ್ಡು ಹಾಳು. ತಡವಾಗಿ ಹಿಡಿಯುವಂತೆ ಇಟ್ಟರೆ ನಡುವೆ ಒಂದು ಜಾಗ ಹುಟ್ಟುತ್ತದೆ, ಅಲ್ಲಿ ಬಲವೂ ಇಲ್ಲ, ಬ್ರೇಕೂ ಇಲ್ಲ. ಸಮತಟ್ಟಾದ ನೆಲದಲ್ಲಿ ಇದು ಗೊತ್ತೇ ಆಗುವುದಿಲ್ಲ. ಕಂಟೇನರಿಗೆ ಹತ್ತುವ ಇಳಿಜಾರಿನಲ್ಲಿ ಲೋಡ್ ಸಮೇತ ನಿಂತಾಗ ಗಾಡಿ ಸದ್ದಿಲ್ಲದೆ ಹಿಂದಕ್ಕೆ ಜಾರುತ್ತದೆ, ಹಿಂದೆ ಪಟ್ಟಿ ಕಟ್ಟುತ್ತಿರುವ ಹುಡುಗ ನಿಂತಿರುತ್ತಾನೆ. ಪುಸ್ತಕದ ಅಳತೆಗೆ ತಂದು ನಿಲ್ಲಿಸಿ. ಸಂದೇಹ ಉಳಿದರೆ ಗಾಡಿ ಬಿಡಬೇಡಿ. ಇಳಿಜಾರಿನಲ್ಲಿ ನಿಲ್ಲಿಸುವಾಗ ಬ್ರೇಕ್ ಪೆಡಲನ್ನೇ ಒತ್ತಬೇಕು, ಇಂಚಿಂಗ್ ಹಿಡಿದುಕೊಂಡು ನಿಲ್ಲಬಾರದು ಎಂದು ಆಪರೇಟರಿಗೆ ಹೇಳಿ.

ಕೊನೆಗೆ ಲಾಕ್‌ನಟ್ ಬಿಗಿಮಾಡಿ. ಬಿಗಿಮಾಡುವಾಗ ರಾಡೂ ಜೊತೆಗೆ ತಿರುಗಿ ಅಳತೆ ಕೆಡುತ್ತದೆ, ಎರಡು ಸ್ಪ್ಯಾನರ್ ಹೇಳಿದ್ದು ಅದಕ್ಕೆ. ಬಿಗಿಮಾಡಿದ ಮೇಲೆ ಮತ್ತೆ ಅಳೆಯಿರಿ. ಇಂಚಿಂಗ್ ಪೂರ್ತಿ ಒತ್ತಿದಾಗ ಬ್ರೇಕ್ ಪೆಡಲೂ ಜೊತೆಗೆ ಇಳಿಯಬೇಕು; ಬ್ರೇಕ್ ಮಾತ್ರ ಒತ್ತಿದಾಗ ಇಂಚಿಂಗ್ ಅಲುಗಬಾರದು.

ಹಂತ 6: ಪರೀಕ್ಷೆ

ಖಾಲಿ ಗಾಡಿ, ಜನವಿಲ್ಲದ ಅಂಗಳ, ನಡಿಗೆಯ ವೇಗ. ಆಮೇಲೆ ಲೋಡ್. ರ್‍ಯಾಕಿನ ಎದುರು ನಿಂತು ಇಂಚಿಂಗ್ ಅರ್ಧ ಒತ್ತಿ, ರೇಸ್ ಕೊಟ್ಟು, ಫೋರ್ಕ್ ಎತ್ತುತ್ತ ಮೆಲ್ಲಗೆ ಮುಂದೆ ಸರಿಯಿರಿ. ಗಾಡಿ ಜಗ್ಗದೆ, ಕುಪ್ಪಳಿಸದೆ ತೆವಳಿದರೆ ಕೆಲಸ ಆಯಿತು. ಈ ಹೊತ್ತಿಗೆ ಹೊರಗೆ ನಿಂತಿದ್ದ ಕಂಟೇನರನ್ನು ಹಮಾಲರು ಕೈಯಲ್ಲೇ ತುಂಬಿ ಮುಗಿಸಿರುತ್ತಾರೆ. ಜಾಬ್ ಕಾರ್ಡಿನಲ್ಲಿ “ಬ್ರೇಕ್ ಟೈಟ್ ಮಾಡಲಾಯಿತು” ಎಂದು ಬರೆಯಬೇಡಿ. ಯಾವ ಅಳತೆ ಎಷ್ಟಿತ್ತು, ಎಷ್ಟಕ್ಕೆ ತಂದಿರಿ, ಲೈನರ್ ಎಷ್ಟು ಉಳಿದಿದೆ ಎಂದು ಬರೆಯಿರಿ. ಲೈನರಿಗೆ ಅಂದೇ ಇಂಡೆಂಟ್ ಹಾಕಿ. ಅದು ಮಂಜೂರಾಗುವಷ್ಟರಲ್ಲಿ ಸವೆಯುವಷ್ಟು ಸವೆದಿರುತ್ತದೆ.

ಸಹಿ ಹಾಕಿಸುವ ಮುಂಚೆ ಗಾಡಿ ಓಡಿಸುವ ಇಬ್ಬರನ್ನೂ ಕರೆದು ಕೂರಿಸಿ ನೋಡಿ. ಮೊದಲ ಶಿಫ್ಟಿನವರು ಆರಡಿ. ಸೀಟು ಪೂರ್ತಿ ಹಿಂದೆ. ಎರಡನೇ ಶಿಫ್ಟಿನವರು ಗಿಡ್ಡ. ಸೀಟಿನ ಲಿವರ್ ತುಕ್ಕು ಹಿಡಿದು ಕಚ್ಚಿಕೊಂಡಿದೆ, ಮುಂದಕ್ಕೆ ಬರುವುದಿಲ್ಲ. ಅವರು ಸೀಟಿನ ತುದಿಯಲ್ಲಿ ಕೂತು, ಬೀಳದಂತೆ ಎಡಗಾಲನ್ನು ಎಲ್ಲಾದರೂ ಊರಬೇಕಲ್ಲ, ಇಂಚಿಂಗ್ ಪೆಡಲಿನ ಮೇಲೆ ಊರುತ್ತಾರೆ. ಲಿವರಿಗೆ ಎಣ್ಣೆ ಬಿಟ್ಟು, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಸೀಟು ಸರಿಯುವ ಹಾಗೆ ಮಾಡಿ.